ಹರ್ಮನ್ ಮೈಯರ್: ನಗಾನೊದ ಚಿನ್ನ ದೊಡ್ಡದೋ, ಕಿಟ್ಸ್‌ಬ್ಯೂಲ್‌ನ ಗೆಲುವು ದೊಡ್ಡದೋ?

ಹಿಮದಾರಿ

ಆಸ್ಟ್ರಿಯಾದ ಸ್ಕೀ ಆಟಗಾರ ಹರ್ಮನ್ ಮೈಯರ್ ಹೆಸರು ಬಂದರೆ ಸಾಕು, ಎಲ್ಲರೂ ಜಪಾನಿನ ನಗಾನೊದ ಆ ಅಪಘಾತದ ವಿಡಿಯೊವನ್ನೇ ಹಂಚಿಕೊಳ್ಳುತ್ತಾರೆ. 1998ರ ಫೆಬ್ರುವರಿ 13, ಒಲಿಂಪಿಕ್ಸ್‌ನ ಡೌನ್‌ಹಿಲ್ ಸ್ಪರ್ಧೆ. ಗಂಟೆಗೆ ನೂರು ಕಿಲೋಮೀಟರ್ ಮೀರಿದ ವೇಗದಲ್ಲಿ ತಿರುವಿಗೆ ಬಂದವರು ನೆಲ ಬಿಟ್ಟು ಮೇಲೆದ್ದರು, ಗಾಳಿಯಲ್ಲೇ ಅಡ್ಡ ತಿರುಗಿದರು, ತಲೆ ಮತ್ತು ಭುಜ ನೆಲಕ್ಕೆ ಅಪ್ಪಳಿಸಿತು, ಎರಡು ಸಾಲು ಬೇಲಿ ಕಿತ್ತುಕೊಂಡು ಆಚೆಯ ಮೆತ್ತನೆಯ ಹಿಮದಲ್ಲಿ ಹೋಗಿ ಬಿದ್ದರು. ಮೂರು ದಿನ ಕಳೆದು ಸೂಪರ್-ಜಿಯಲ್ಲಿ ಚಿನ್ನ. ಮತ್ತೆ ಮೂರು ದಿನಕ್ಕೆ ಜೈಂಟ್ ಸ್ಲಾಲಮ್‌ನಲ್ಲೂ ಚಿನ್ನ.

ಅದ್ಭುತವೇ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಮಟ್ಟಿಗೆ ಅವರ ಬದುಕಿನ ದೊಡ್ಡ ಗೆಲುವು 2003ರ ಜನವರಿ 27ರದು, ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್‌ನ ಸೂಪರ್-ಜಿ. 2001ರ ಆಗಸ್ಟ್ 24ರಂದು ರಾಡ್‌ಶ್ಟಾಟ್ ಬಳಿ ಅವರ ಮೋಟಾರ್‌ಸೈಕಲ್‌ಗೆ ಕಾರು ಡಿಕ್ಕಿಯಾಯಿತು. ಬಲಗಾಲಿನ ಕೆಳಭಾಗ ನುಚ್ಚುನೂರು. ಕಾಲನ್ನು ಕತ್ತರಿಸಬೇಕಾದೀತೇ ಎಂದು ವೈದ್ಯರು ಯೋಚಿಸುವ ಸ್ಥಿತಿ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್ ಕೈತಪ್ಪಿತು. ಅಂಥ ಕಾಲಿನಲ್ಲಿ, ಒಳಗೆ ಟೈಟಾನಿಯಂ ಸರಳು ಇಟ್ಟುಕೊಂಡೇ, ಹದಿನೇಳು ತಿಂಗಳ ನಂತರ ಗೆದ್ದರು.

ನಗಾನೊದ ಕಡೆ ಇರುವವರು ವಾದ ಮಾಡಿ, ಕೇಳಲು ಸಿದ್ಧನಿದ್ದೇನೆ.

ಹಳೆಯ ಟಿ.ವಿ.

ನಾನು ನಗಾನೊದ ಕಡೆ. ಮೋಟಾರ್‌ಸೈಕಲ್ ಅಪಘಾತದ ನಂತರ ಅವರಿಗೆ ಸಮಯ ಸಿಕ್ಕಿತು. ಶಸ್ತ್ರಚಿಕಿತ್ಸೆ, ವಿಶ್ರಾಂತಿ, ಅಭ್ಯಾಸ ಎಲ್ಲವನ್ನೂ ಹಂತಹಂತವಾಗಿ ಮಾಡಿದರು. ನಗಾನೊದಲ್ಲಿ ಹಾಗಲ್ಲ. ಭುಜ ನೋಯುತ್ತಿದೆ, ಮೊಣಕಾಲು ಊದಿಕೊಂಡಿದೆ, ಮೈಗೆ ಆ ಬಿದ್ದ ಏಟು ಇನ್ನೂ ಹಸಿಯಾಗಿದೆ. ಹಾಗಿರುವಾಗ ಮತ್ತೆ ಮೇಲೆ ಹೋಗಿ ನಿಂತು, ಕೆಳಗೆ ನೋಡಿ, ಕೋಲು ಊರಿ ಹೊರಡಬೇಕು. ಸೂಪರ್-ಜಿಯಲ್ಲಿ ಅವರು ಗೆದ್ದದ್ದು 0.61 ಸೆಕೆಂಡ್ ಅಂತರದಲ್ಲಿ. ಬೆಳ್ಳಿಗೆ ಸ್ವಿಟ್ಜರ್ಲೆಂಡಿನ ಡಿಡಿಯೆ ಕ್ಯೂಶ್ ಮತ್ತು ಆಸ್ಟ್ರಿಯಾದ ಹನ್ಸ್ ಕ್ನಾವ್ಸ್ ಸಮಸಮ. ಅವರಿಬ್ಬರ ನಡುವೆ ಸೆಕೆಂಡಿನ ನೂರನೇ ಒಂದು ಭಾಗದ ವ್ಯತ್ಯಾಸವೂ ಇರಲಿಲ್ಲ. ಮೈಯರ್ ಮಾತ್ರ ಅರ್ಧ ಸೆಕೆಂಡಿಗೂ ಹೆಚ್ಚು ಮುಂದೆ!

ಅಂಕಿಪ್ರಿಯ

ಎರಡೂ ಅಲ್ಲ. 1999–2000ರ ಋತುವಿನ 2000 ಅಂಕ. ಒಂದು ದಿನದ ಧೈರ್ಯಕ್ಕಿಂತ ಇಡೀ ಚಳಿಗಾಲದ ಕೆಲಸ ದೊಡ್ಡದು.

ಹೊಸ ಓದುಗಿ

ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ. ಡೌನ್‌ಹಿಲ್, ಸೂಪರ್-ಜಿ, ಸ್ಲಾಲಮ್, ಈ 2000 ಅಂಕ, ಇವೆಲ್ಲ ಏನು? ಬೆಟ್ಟದಿಂದ ಕೆಳಗೆ ಜಾರುವುದು ಎನ್ನುವುದಷ್ಟೇ ನನಗೆ ಗೊತ್ತು. ಮನೆಯಲ್ಲಿ ಕ್ರಿಕೆಟ್ ಬಿಟ್ಟು ಬೇರೇನೂ ಓಡುವುದಿಲ್ಲ.

ಮ್ಯೂನಿಕ್‌ವಾಸಿ

@ಹೊಸ ಓದುಗಿ, ನಾನು ಹೇಳುತ್ತೇನೆ ಮೇಡಂ. ಹಾದಿಯಲ್ಲಿ ಕಂಬಗಳನ್ನು ನೆಟ್ಟಿರುತ್ತಾರೆ, ಅವಕ್ಕೆ ಗೇಟ್ ಎನ್ನುತ್ತಾರೆ. ಒಂದೊಂದನ್ನೂ ಸರಿಯಾದ ಬದಿಯಿಂದ ದಾಟಿ ಕೆಳಗೆ ಬರಬೇಕು. ಕಡಿಮೆ ಸಮಯ ತೆಗೆದುಕೊಂಡವರು ಗೆದ್ದಂತೆ. ಸ್ಲಾಲಮ್‌ನಲ್ಲಿ ಗೇಟುಗಳು ತೀರಾ ಹತ್ತಿರ, ಕಾಲು ಕ್ಷಣಕ್ಷಣಕ್ಕೂ ತಿರುಗಬೇಕು. ಜೈಂಟ್ ಸ್ಲಾಲಮ್‌ನಲ್ಲಿ ಸ್ವಲ್ಪ ದೂರ ದೂರ. ಈ ಎರಡರಲ್ಲೂ ಎರಡೆರಡು ಓಟ, ಎರಡರ ಸಮಯವನ್ನೂ ಕೂಡಿಸುತ್ತಾರೆ. ಸೂಪರ್-ಜಿ ಇನ್ನೂ ವೇಗದ್ದು, ಒಂದೇ ಓಟ, ಅಭ್ಯಾಸದ ಓಟವೂ ಇರುವುದಿಲ್ಲ. ಬೆಳಿಗ್ಗೆ ಹಾದಿಯನ್ನು ನಿಧಾನವಾಗಿ ನೋಡಿಕೊಂಡು ಬಂದು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಅಷ್ಟೇ. ಡೌನ್‌ಹಿಲ್ ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ವೇಗ.

ಅಂಕಗಳ ವಿಚಾರ: ವಿಶ್ವಕಪ್ ಒಂದೇ ಪಂದ್ಯಾವಳಿಯಲ್ಲ, ಚಳಿಗಾಲದುದ್ದಕ್ಕೂ ಬೇರೆಬೇರೆ ಊರುಗಳಲ್ಲಿ ನಡೆಯುವ ಸ್ಪರ್ಧೆಗಳ ಸರಣಿ. ಪ್ರತಿ ಸ್ಪರ್ಧೆಯಲ್ಲೂ ಮೊದಲಿಗರಿಗೆ 100, ಎರಡನೆಯವರಿಗೆ 80, ಮೂರನೆಯವರಿಗೆ 60, ಹೀಗೆ ಇಳಿಯುತ್ತಾ ಮೂವತ್ತನೆಯವರಿಗೆ 1. ಎಲ್ಲವನ್ನೂ ಕೂಡಿಸಿ ಹೆಚ್ಚು ಗಳಿಸಿದವರಿಗೆ ಒಟ್ಟಾರೆ ಕಿರೀಟ. ಮೈಯರ್ ಅದನ್ನು ನಾಲ್ಕು ಸಲ ಗೆದ್ದರು: 1998, 2000, 2001, 2004.

ಕಿಟ್ಸ್‌ಬ್ಯೂಲ್‌ಗೆ ನಾನು ಹೋಗಿದ್ದೇನೆ. ಅಲ್ಲಿನ ಡೌನ್‌ಹಿಲ್ ಹಾದಿಯ ಹೆಸರು ಶ್ಟ್ರೈಫ್, ಉದ್ದ 3.3 ಕಿಲೋಮೀಟರ್. ಟಿ.ವಿ.ಯಲ್ಲಿ ಅದು ಬಿಳಿ ಹಾಸಿಗೆ ಹಾಗೆ ಕಾಣುತ್ತದೆ, ಪಕ್ಕದಲ್ಲಿ ನಿಂತರೆ ನಿಜ ತಿಳಿಯುತ್ತದೆ: ಅದು ಹಿಮವಲ್ಲ, ಗಟ್ಟಿ ಮಂಜುಗಡ್ಡೆ. ಹಾದಿ ಕೆಡದಿರಲಿ ಎಂದು ಹಿಮದೊಳಗೆ ನೀರು ಹಾಯಿಸಿ ಹೆಪ್ಪುಗಟ್ಟಿಸುತ್ತಾರೆ. ಆಟಗಾರ ಕಣ್ಣಿಗೆ ಬೀಳುವ ಮೊದಲೇ ಸದ್ದು ಬರುತ್ತದೆ, ಸ್ಕೀಯ ಉಕ್ಕಿನ ಅಂಚು ಮಂಜುಗಡ್ಡೆಯನ್ನು ಕೊರೆಯುವ ಕರ್ಕಶ ಸದ್ದು. ಅವರು ದಾಟಿಹೋದ ಮೇಲೆ ಹಾದಿಯ ಮೇಲೆ ಬೆರಳಗಲದ ಎರಡು ಗೀರು ಮಾತ್ರ ಉಳಿದಿರುತ್ತವೆ. ಆ ಗೀರುಗಳ ಮೇಲೆ ಒಂದು ದೇಹದ ಭಾರವೆಲ್ಲ ನಿಂತಿತ್ತು ಎಂದು ನಂಬುವುದು ಕಷ್ಟ.

ಹೊಸ ಓದುಗಿ

ತುಂಬಾ ಧನ್ಯವಾದ. ಅಭ್ಯಾಸದ ಓಟವೇ ಇಲ್ಲದೆ ಅಷ್ಟು ವೇಗದಲ್ಲಿ ಇಳಿಯುತ್ತಾರೆಯೇ! ನಾನೂ ಈಗ ಹಿಮದಾರಿಯವರ ಕಡೆ ವಾಲುತ್ತಿದ್ದೇನೆ.

ಅಂಕಿಪ್ರಿಯ

ವಾಲುವ ಮೊದಲು ಲೆಕ್ಕವನ್ನೂ ನೋಡಿ. ವಿಶ್ವಕಪ್‌ನಲ್ಲಿ ಮೈಯರ್ ಅವರ ಒಟ್ಟು ಗೆಲುವು 54. ಸೂಪರ್-ಜಿಯಲ್ಲಿ 24, ಡೌನ್‌ಹಿಲ್‌ನಲ್ಲಿ 15, ಜೈಂಟ್ ಸ್ಲಾಲಮ್‌ನಲ್ಲಿ 14, ಸಂಯುಕ್ತ ಸ್ಪರ್ಧೆಯಲ್ಲಿ (ಡೌನ್‌ಹಿಲ್, ಸ್ಲಾಲಮ್ ಎರಡರ ಸಮಯ ಕೂಡಿಸುವ ಸ್ಪರ್ಧೆ) 1. ಸ್ಲಾಲಮ್‌ನಲ್ಲಿ ಸೊನ್ನೆ. ಆದ್ದರಿಂದಲೇ ಸಾರ್ವಕಾಲಿಕ ಶ್ರೇಷ್ಠ ಎಂಬ ಪಟ್ಟವನ್ನು ಸುಮ್ಮನೆ ಕೊಡಲು ನನಗೆ ಮನಸ್ಸಿಲ್ಲ. ಸ್ವೀಡನ್‌ನ ಇಂಗೆಮಾರ್ ಸ್ಟೆನ್‌ಮಾರ್ಕ್ 86 ಗೆದ್ದರು. ಆಸ್ಟ್ರಿಯಾದವರೇ ಆದ ಮಾರ್ಸೆಲ್ ಹಿರ್ಶರ್ ಒಟ್ಟಾರೆ ಕಿರೀಟವನ್ನು 2012ರಿಂದ 2019ರವರೆಗೆ ಸತತ ಎಂಟು ಸಲ ಗೆದ್ದರು. ಅಮೆರಿಕದ ಮಿಕೇಲಾ ಶಿಫ್ರಿನ್ 2025ರ ಫೆಬ್ರುವರಿಯಲ್ಲಿ ನೂರನೇ ಗೆಲುವು ಪಡೆದರು. ಇವರ ಮುಂದೆ 54 ದೊಡ್ಡ ಸಂಖ್ಯೆಯೇನಲ್ಲ.

ಮ್ಯೂನಿಕ್‌ವಾಸಿ

@ಅಂಕಿಪ್ರಿಯ, ಸ್ಟೆನ್‌ಮಾರ್ಕ್ ಅವರ 86ರಲ್ಲಿ ಡೌನ್‌ಹಿಲ್ ಎಷ್ಟು? ಒಂದೂ ಇಲ್ಲ. 40 ಸ್ಲಾಲಮ್, 46 ಜೈಂಟ್ ಸ್ಲಾಲಮ್. ಮೈಯರ್‌ಗೆ ಸ್ಲಾಲಮ್ ಇಲ್ಲವೆಂದು ಅಂಕ ಕಳೆಯುವುದಾದರೆ ಸ್ಟೆನ್‌ಮಾರ್ಕ್‌ಗೂ ಕಳೆಯಬೇಕಾಗುತ್ತದೆ. ಒಬ್ಬರಿಗೆ ಒಂದು ತಕ್ಕಡಿ, ಇನ್ನೊಬ್ಬರಿಗೆ ಇನ್ನೊಂದು ಬೇಡ.

ಇನ್ನೊಂದು ಮಾತು. 2000–01ರಲ್ಲಿ ಮೈಯರ್ ಒಂದೇ ಋತುವಿನಲ್ಲಿ 13 ಸ್ಪರ್ಧೆ ಗೆದ್ದು, 1978–79ರ ಸ್ಟೆನ್‌ಮಾರ್ಕ್ ದಾಖಲೆಯನ್ನು ಸರಿಗಟ್ಟಿದರು. ಅದೇ ಋತುವಿನಲ್ಲಿ ಶ್ಟ್ರೈಫ್‌ನ ಡೌನ್‌ಹಿಲ್ಲನ್ನೂ ಗೆದ್ದರು. ಮರುಬೇಸಿಗೆಯಲ್ಲಿ ಆ ಅಪಘಾತವಾಯಿತು. ಆಗ ಅವರಿಗೆ ಇನ್ನೂ ಇಪ್ಪತ್ತೆಂಟು ವರ್ಷ. ಅಪಘಾತ ಆಗದಿದ್ದರೆ 54 ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು?

ಅಂಕಿಪ್ರಿಯ

ಆಗದಿದ್ದರೆ, ಹೋಗದಿದ್ದರೆ ಎಂಬುದಕ್ಕೆ ಅಂಕಪಟ್ಟಿಯಲ್ಲಿ ಜಾಗವಿಲ್ಲ ಸ್ವಾಮಿ.

ಮೂಳೆ ವೈದ್ಯ

ಸಂಖ್ಯೆಗಳ ಜಗಳದ ನಡುವೆ ಕಾಲಿನ ವಿಚಾರ ಮರೆತುಹೋಗುತ್ತಿದೆ. ಸ್ಕೀ ಬೂಟು ಹಾಕಿ ನೋಡಿದವರಿಗೆ ಗೊತ್ತಿರುತ್ತದೆ. ಅದು ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಕಣಕಾಲನ್ನು ಅಲುಗಾಡದಂತೆ ಬಿಗಿದುಬಿಡುತ್ತದೆ. ತಿರುಗಬೇಕಾದರೆ ಮುಂಗಾಲಿನ ಮೂಳೆಯನ್ನು, ಅಂದರೆ ಮೊಣಕಾಲಿಗೂ ಕಣಕಾಲಿಗೂ ನಡುವಿನ ಮೂಳೆಯನ್ನು, ಬೂಟಿನ ಮುಂಭಾಗಕ್ಕೆ ಒತ್ತಬೇಕು. ಆ ಒತ್ತಡವೇ ಸ್ಕೀಯ ತುದಿಗೆ ಹೋಗಿ ಅಂಚು ಹಿಮವನ್ನು ಕಚ್ಚುವಂತೆ ಮಾಡುತ್ತದೆ. ಅಂದರೆ ಆಟಗಾರ ಸ್ಕೀ ಜೊತೆ ಮಾತನಾಡುವುದೇ ಮುಂಗಾಲಿನ ಮೂಳೆಯ ಮೂಲಕ.

ಮೈಯರ್ ಅವರಿಗೆ ಮುರಿದದ್ದು ಅದೇ ಭಾಗ. ಅದೂ ಚರ್ಮ, ಸ್ನಾಯು ಹರಿದು ಮೂಳೆ ಹೊರಬಂದ ಮುರಿತ. ಇಂಥ ಮುರಿತದಲ್ಲಿ ಮೂಳೆ ಕೂಡುವುದಕ್ಕಿಂತ ದೊಡ್ಡ ತಲೆನೋವು ಸುತ್ತಲಿನ ಮಾಂಸದ್ದು. ರಕ್ತ ಹರಿಯದಿದ್ದರೆ, ಸೋಂಕು ತಗುಲಿದರೆ ಕಾಲು ಉಳಿಯುವುದಿಲ್ಲ. ಎಷ್ಟೋ ರೋಗಿಗಳಿಗೆ ಇಂಥ ಗಾಯದ ನಂತರ ಮೆಟ್ಟಿಲು ಇಳಿಯುವುದೇ ಒಂದು ಸಾಧನೆ. ಕಸಿ ಮಾಡಿದ ಆ ಜಾಗವನ್ನು ಬೂಟಿನೊಳಗೆ ಬಿಗಿದು, ದೇಹದ ತೂಕದ ಎಷ್ಟೋ ಪಟ್ಟು ಭಾರವನ್ನು ಅದರ ಮೇಲೆ ಹಾಕಿ ತಿರುವು ತೆಗೆದುಕೊಳ್ಳುವುದು! ಟೈಟಾನಿಯಂ ಸರಳು ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸುವ ವಿಷಯ ಇದಲ್ಲ. ನನ್ನ ಮತ ಕಿಟ್ಸ್‌ಬ್ಯೂಲ್‌ಗೆ, ಎರಡು ಮಾತಿಲ್ಲ.

ಹಳೆಯ ಟಿ.ವಿ.

ವೈದ್ಯರ ಮಾತಿಗೆ ಎದುರಾಡುವುದು ಕಷ್ಟ. ಆದರೂ ಕೇಳುತ್ತೇನೆ: 2003ರಲ್ಲಿ ಸೋತಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ, ಮರಳಿದ್ದೇ ದೊಡ್ಡದು ಎನ್ನುತ್ತಿದ್ದರು. ನಗಾನೊದಲ್ಲಿ ಸೋತಿದ್ದರೆ? ಇಡೀ ಆಸ್ಟ್ರಿಯಾ ಕಾಯುತ್ತಿತ್ತು. ಸ್ಕೀ ಅಲ್ಲಿ ರಾಷ್ಟ್ರೀಯ ಆಟ. ಮುಂದಿನ ಒಲಿಂಪಿಕ್ಸ್ ನಾಲ್ಕು ವರ್ಷ ದೂರ, ಆ ಒಲಿಂಪಿಕ್ಸ್‌ಗೆ ಅವರು ಹೋಗಲೂ ಆಗಲಿಲ್ಲ. ಆ ಎರಡು ಚಿನ್ನ ಆಗ ಸಿಗದಿದ್ದರೆ ಮುಂದೆಂದೂ ಸಿಗುತ್ತಿರಲಿಲ್ಲ. 2006ರ ಟುರಿನ್‌ನಲ್ಲಿ ಬಂದದ್ದು ಸೂಪರ್-ಜಿಯ ಬೆಳ್ಳಿ, ಜೈಂಟ್ ಸ್ಲಾಲಮ್‌ನ ಕಂಚು.

ಹಿಮದಾರಿ

@ಹಳೆಯ ಟಿ.ವಿ., ಒಳ್ಳೆಯ ವಾದ. ಆದರೆ ಮರಳಿದ ಕೂಡಲೇ ಗೆದ್ದರು ಎಂದುಕೊಳ್ಳಬೇಡಿ. ಅದೇ ಜನವರಿಯಲ್ಲಿ ಆಡೆಲ್‌ಬೋಡನ್‌ನ ಜೈಂಟ್ ಸ್ಲಾಲಮ್‌ನಲ್ಲಿ ಮೊದಲು ಇಳಿದಾಗ ಎರಡನೇ ಓಟಕ್ಕೆ ಅರ್ಹತೆಯೂ ಸಿಗಲಿಲ್ಲ. ಸೋಲನ್ನು ಎಲ್ಲರ ಕಣ್ಣೆದುರು ಅನುಭವಿಸಿಯೇ ಕಿಟ್ಸ್‌ಬ್ಯೂಲ್‌ಗೆ ಬಂದರು. ಎರಡು ವಾರವೂ ಕಳೆದಿರಲಿಲ್ಲ.

ದೈಹಿಕ ಶಿಕ್ಷಕ

ನನಗೆ ಈ ಎರಡಕ್ಕಿಂತ ಮುಖ್ಯವಾದ ದಿನ 1996ರ ಜನವರಿಯದು. ಅದನ್ನು ಯಾರೂ ಹೇಳಲಿಲ್ಲವಲ್ಲ!

ಮೈಯರ್ ಹದಿನೈದರ ಹುಡುಗನಾಗಿದ್ದಾಗ ಶ್ಲಾಡ್ಮಿಂಗ್‌ನ ಸ್ಕೀ ಶಾಲೆ ಅವರನ್ನು ಕೈಬಿಟ್ಟಿತು. ಮೈ ಬೆಳೆದಿರಲಿಲ್ಲ, ಬೆಳೆಯುವ ವಯಸ್ಸಿನ ಮೊಣಕಾಲು ನೋವು ಬೇರೆ. ಊರಿಗೆ ಮರಳಿ ಗಾರೆ ಕೆಲಸ ಕಲಿತರು. ಬೇಸಿಗೆಯಲ್ಲಿ ಇಟ್ಟಿಗೆ, ಗಾರೆ. ಚಳಿಗಾಲದಲ್ಲಿ ಫ್ಲಾಖಾವ್‌ನಲ್ಲಿ ತಂದೆಯ ಸ್ಕೀ ಶಾಲೆಯಲ್ಲಿ ಪ್ರವಾಸಿಗರಿಗೆ ಪಾಠ. ವಯಸ್ಸು ಇಪ್ಪತ್ತಮೂರಾಯಿತು. ಆ ವಯಸ್ಸಿಗೆ ಉಳಿದವರು ವಿಶ್ವಕಪ್‌ನಲ್ಲಿ ಹೆಸರು ಮಾಡಿರುತ್ತಾರೆ.

1996ರ ಜನವರಿಯಲ್ಲಿ ಅವರ ಊರಿಗೇ ವಿಶ್ವಕಪ್ ಬಂತು. ಸ್ಪರ್ಧೆಗೆ ಮುಂಚೆ ಹಾದಿ ಸರಿಯಿದೆಯೇ ಎಂದು ನೋಡಲು ಕೆಲವರನ್ನು ಇಳಿಸುತ್ತಾರೆ. ಅವರ ಸಮಯ ಲೆಕ್ಕಕ್ಕಿಲ್ಲ, ಹೆಸರು ಫಲಿತಾಂಶದಲ್ಲಿ ಬರುವುದಿಲ್ಲ. ಮೈಯರ್ ಅವರಲ್ಲೊಬ್ಬರು. ಇಳಿದರು. ಗಡಿಯಾರ ತೋರಿಸಿದ ಸಮಯವನ್ನು ನಿಜವಾದ ಸ್ಪರ್ಧಿಗಳ ಜೊತೆ ಹೋಲಿಸಿದರೆ ಹನ್ನೆರಡನೇ ಸ್ಥಾನ! ಆ ಮೇಲೆ ಆಸ್ಟ್ರಿಯಾ ತಂಡದವರು ಕಣ್ಣುಮುಚ್ಚಿ ಕೂರಲು ಸಾಧ್ಯವಿರಲಿಲ್ಲ. 1997ರ ಫೆಬ್ರುವರಿಯಲ್ಲಿ ಗಾರ್ಮಿಶ್‌ನಲ್ಲಿ ಮೊದಲ ವಿಶ್ವಕಪ್ ಗೆಲುವು. ಮರುವರ್ಷ ನಗಾನೊ.

ಆಯ್ಕೆ ಶಿಬಿರಗಳಲ್ಲಿ ಮಕ್ಕಳ ಎತ್ತರ ಅಳೆದು ಬಾಗಿಲು ಹಾಕುವವರಿಗೆ ಈ ಕತೆಯನ್ನು ನಾನು ತಪ್ಪದೆ ಹೇಳುತ್ತೇನೆ.

ಶಿವಮೊಗ್ಗದ ತಾಯಿ

ಶಿಕ್ಷಕರೇ, ಇದನ್ನು ಓದಿ ಕಣ್ಣು ತುಂಬಿತು. ನನ್ನ ಮಗಳು ಉದ್ದ ಜಿಗಿತದಲ್ಲಿ ತಾಲ್ಲೂಕು ಮಟ್ಟಕ್ಕೆ ಮೊದಲು ಬಂದವಳು. ಒಂದು ಕ್ರೀಡಾ ವಸತಿ ಶಾಲೆಯ ಆಯ್ಕೆಗೆ ಕರೆದುಕೊಂಡು ಹೋದೆವು. ಜಿಗಿಯುವುದನ್ನು ನೋಡುವ ಮೊದಲೇ ಗೋಡೆಗೆ ನಿಲ್ಲಿಸಿ ಎತ್ತರ ಅಳೆದು ಪಕ್ಕಕ್ಕೆ ಕಳುಹಿಸಿದರು. ಹದಿಮೂರು ವರ್ಷದ ಮಗು ಇನ್ನು ಬೆಳೆಯುವುದೇ ಇಲ್ಲ ಎಂದು ಯಾರು ಬರೆದುಕೊಟ್ಟಿದ್ದಾರೆ? ಬಸ್ಸಿನಲ್ಲಿ ಊರಿಗೆ ಬರುವವರೆಗೆ ಅವಳು ಒಂದು ಮಾತೂ ಆಡಲಿಲ್ಲ.

ದೈಹಿಕ ಶಿಕ್ಷಕ

ಅಭ್ಯಾಸ ನಿಲ್ಲಿಸಲು ಬಿಡಬೇಡಿ ತಾಯಿ. ಮುಂದಿನ ವರ್ಷ ಮತ್ತೆ ಕರೆದುಕೊಂಡು ಹೋಗಿ. ಶಾಲಾ ಕ್ರೀಡಾಕೂಟಗಳ ಪ್ರಮಾಣಪತ್ರಗಳನ್ನೆಲ್ಲ ಜೋಪಾನ ಮಾಡಿ, ಜಿಗಿದ ದೂರವನ್ನು ದಿನಾಂಕ ಸಮೇತ ಬರೆದಿಡಿ. ಅಳತೆ ಕೈಯಲ್ಲಿದ್ದರೆ ಮಾತಿಗೆ ಬಲ ಬರುತ್ತದೆ.

ಕರಾವಳಿಯವ

ನಾನು ಸ್ವಲ್ಪ ಎದುರು ಹೇಳುತ್ತೇನೆ, ಬೇಸರ ಬೇಡ. ಈ ಗಾರೆ ಕೆಲಸದವನ ಕತೆಯನ್ನು ಜನ ಬಡವನೊಬ್ಬ ಬರಿಗೈಯಲ್ಲಿ ಗೆದ್ದ ಕತೆಯಂತೆ ಹೇಳುತ್ತಾರೆ. ತಂದೆಯದೇ ಸ್ಕೀ ಶಾಲೆ. ಊರ ತುಂಬ ಹಿಮದ ಇಳಿಜಾರು, ಮೇಲೆ ಹೋಗಲು ಲಿಫ್ಟ್. ಮಗು ನಡೆಯಲು ಕಲಿತ ಕೂಡಲೇ ಕಾಲಿಗೆ ಸ್ಕೀ. ವಿಶ್ವಕಪ್ಪೇ ಊರಿಗೆ ಬಂತು! ಶಾಲೆ ಕೈಬಿಟ್ಟರೂ ಬೆಟ್ಟ ಕೈಬಿಡಲಿಲ್ಲ. ನಮ್ಮಲ್ಲಿ ಆಯ್ಕೆಯಾಗದ ಮಗುವಿಗೆ ಸರಿಯಾದ ಮರಳಿನ ಗುಂಡಿಯೂ ಸಿಗುವುದಿಲ್ಲ. ಮೈಯರ್ ಅವರನ್ನು ತೋರಿಸಿ ‘ಛಲ ಇದ್ದರೆ ಸಾಕು’ ಎಂದು ಮಕ್ಕಳಿಗೆ ಹೇಳುವುದು ಅನ್ಯಾಯ. ಮೈದಾನ ಕೊಡಬೇಕಾದವರ ಹೊಣೆಯನ್ನು ಮಗುವಿನ ಹೆಗಲಿಗೆ ಹಾಕಿದಂತಾಗುತ್ತದೆ.

ಶಿವಮೊಗ್ಗದ ತಾಯಿ

ಈ ಮಾತು ಸತ್ಯ. ಊರ ಶಾಲೆಯ ಗುಂಡಿಯಲ್ಲಿ ಮರಳಿಗಿಂತ ಕಲ್ಲೇ ಹೆಚ್ಚು. ಅವಳ ಅಪ್ಪ ಹಾರೆ ಹಿಡಿದು ಅಗೆದು ಕಲ್ಲು ಆರಿಸುತ್ತಾರೆ.

ದೈಹಿಕ ಶಿಕ್ಷಕ

@ಕರಾವಳಿಯವ, ನೀವು ಹೇಳಿದ್ದನ್ನು ಒಪ್ಪಿಯೇ ಒಂದು ಮಾತು ಸೇರಿಸುತ್ತೇನೆ. ಬೆಟ್ಟ ಇದ್ದರೂ ಆ ಜನವರಿಯಲ್ಲಿ ಅವರನ್ನು ಯಾರೂ ಇಳಿಸದಿದ್ದರೆ ಅವರು ಗಾರೆ ಕೆಲಸದಲ್ಲೇ ಉಳಿಯುತ್ತಿದ್ದರು. ತಂಡದ ಹೊರಗಿನವನನ್ನೂ ಅದೇ ಹಾದಿಯಲ್ಲಿ, ಅದೇ ದಿನ, ಅದೇ ಗಡಿಯಾರದ ಎದುರು ಇಳಿಯಲು ಬಿಡುವ ಪದ್ಧತಿ ಇತ್ತು. ನಮ್ಮ ಆಯ್ಕೆಗಳಲ್ಲೂ ಅಂಥದ್ದೊಂದು ಬೇಕು ಎನ್ನುವುದಷ್ಟೇ ನನ್ನ ಬೇಡಿಕೆ. ಮೊದಲು ಜಿಗಿಯಲು ಬಿಡಲಿ, ಆಮೇಲೆ ಅಳೆಯಲಿ.

ಕರಾವಳಿಯವ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಬೆಳಗಾವಿ ಓಟಗಾರ

1994ರಲ್ಲಿ ಗಾರ್ಮಿಶ್‌ನಲ್ಲಿ ಸ್ಪರ್ಧೆಯ ವೇಳೆ ಬಿದ್ದು ಮೃತಪಟ್ಟ ಸ್ಕೀ ಆಟಗಾರ್ತಿ ಉಲ್ರಿಕೆ ಮೈಯರ್ ಇವರ ಅಕ್ಕ ತಾನೇ? ಅಷ್ಟಾದ ಮೇಲೂ ಮನೆಯವರು ಇವರನ್ನು ಬಿಟ್ಟರಲ್ಲ ಎನ್ನಿಸುತ್ತದೆ.

ಮ್ಯೂನಿಕ್‌ವಾಸಿ

ಸಂಬಂಧವಿಲ್ಲ. ಆಸ್ಟ್ರಿಯಾದಲ್ಲಿ ಮೈಯರ್ ಬಹಳ ಸಾಮಾನ್ಯವಾದ ಮನೆತನದ ಹೆಸರು. ಉಲ್ರಿಕೆ ಸೂಪರ್-ಜಿಯಲ್ಲಿ ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದವರು, ಪುಟ್ಟ ಮಗಳಿದ್ದಳು. ಅವರ ಸಾವಿನ ನಂತರ ಸುರಕ್ಷತೆಯ ಬಗ್ಗೆ ದೊಡ್ಡ ಚರ್ಚೆಯೇ ಆಯಿತು.

ಹರ್ಮನ್ ಮೈಯರ್ ಕಾಲು ಉಳಿಯಿತು. 2008ರಲ್ಲಿ ನಾರ್ವೆಯ ಕ್ವಿಟ್‌ಫ್ಯೆಲ್‌ನಲ್ಲಿ ಬಿದ್ದ ಮಥಿಯಾಸ್ ಲಾಂಟ್ಸಿಂಗರ್ ಅವರ ಎಡಗಾಲಿನ ಕೆಳಭಾಗವನ್ನು ಕತ್ತರಿಸಬೇಕಾಯಿತು. ಅವರೂ ಆಸ್ಟ್ರಿಯಾದವರೇ, ಅದೂ ಸೂಪರ್-ಜಿಯೇ. ಅವರು ಅಲ್ಲಿಗೇ ನಿಲ್ಲಲಿಲ್ಲ, 2014ರ ಸೋಚಿ ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕ ಗೆದ್ದರು. ಮರಳಿ ಬಂದವರ ಮಾತು ಬಂದಾಗ ಅವರ ಹೆಸರನ್ನೂ ಹೇಳಬೇಕು ಎನ್ನುವುದು ನನ್ನ ಆಸೆ.

ಮೂಳೆ ವೈದ್ಯ

ಖಂಡಿತ ಹೇಳಬೇಕು. ಇಬ್ಬರ ಕಾಲಿನ ನಡುವಿನ ವ್ಯತ್ಯಾಸ ಛಲದ್ದಲ್ಲ, ರಕ್ತ ಮತ್ತೆ ಹರಿಯಿತೇ ಇಲ್ಲವೇ ಎಂಬುದರದು.

ಕೊಡಗಿನವಳು

ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಬಗ್ಗೆ ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಹಿಮವೇ ಬೀಳದ ಜಿಲ್ಲೆಯಿಂದ ಹೋಗಿ ಸ್ಕೀಯಿಂಗ್ ಮಾಡುತ್ತಿದ್ದಾರೆ, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಗುಲ್ಮಾರ್ಗ್‌ನಲ್ಲಿ ಚಿನ್ನ ಗೆದ್ದಿದ್ದಾರೆ. ಆಸ್ಟ್ರಿಯಾದವರ ಕಿರೀಟ ಎಣಿಸುವ ನಾವು ನಮ್ಮ ಹುಡುಗಿಯ ಹೆಸರನ್ನೂ ಒಮ್ಮೆ ಹೇಳೋಣ.

ಅಂಕಿಪ್ರಿಯ

ಹೆಮ್ಮೆಯ ವಿಷಯ. ಆದರೆ ಅವರದು ಕ್ರಾಸ್ ಕಂಟ್ರಿ, ಹಿಮದ ಮೇಲಿನ ದೂರದ ಓಟ. ಏರು, ಇಳಿವು, ಸಮತಟ್ಟು ಎಲ್ಲವನ್ನೂ ಸ್ವಂತ ಬಲದಲ್ಲಿ ಕ್ರಮಿಸಬೇಕು. ಮೈಯರ್ ಅವರದು ಆಲ್ಪೈನ್, ಬರೀ ಇಳಿಜಾರು. ಆಲ್ಪೈನ್‌ನಲ್ಲಿ ಭಾರತದ ಹೆಸರು ಹೇಳುವುದಾದರೆ ಕಾಶ್ಮೀರದ ಆರಿಫ್ ಖಾನ್, 2022ರ ಬೀಜಿಂಗ್ ಒಲಿಂಪಿಕ್ಸ್‌ನ ಜೈಂಟ್ ಸ್ಲಾಲಮ್‌ನಲ್ಲಿ 45ನೆಯವರು. ಮೈಯರ್ ಬಿದ್ದೆದ್ದ ಅದೇ ನಗಾನೊ ಒಲಿಂಪಿಕ್ಸ್‌ನಲ್ಲಿ ಭಾರತದಿಂದ ಇದ್ದದ್ದು ಒಬ್ಬರೇ, ಹದಿನಾರರ ಹುಡುಗ ಶಿವ ಕೇಶವನ್, ಲೂಜ್ ಸ್ಪರ್ಧೆಯಲ್ಲಿ, ಅಂದರೆ ಮಂಜುಗಡ್ಡೆಯ ಹಾದಿಯಲ್ಲಿ ಪುಟ್ಟ ಜಾರುಬಂಡಿಯ ಮೇಲೆ ಮಲಗಿ ಇಳಿಯುವ ಆಟದಲ್ಲಿ.

ಕೊಡಗಿನವಳು

ಕ್ರಾಸ್ ಕಂಟ್ರಿ ಆದರೇನು, ಹಿಮ ಒಂದೇ. ಸ್ವಂತ ಬಲದಲ್ಲಿ ಏರುವುದು ಇಳಿಯುವುದಕ್ಕಿಂತ ಕಷ್ಟ ಎಂದು ನಮ್ಮ ಕಡೆ ಬೆಟ್ಟ ಹತ್ತುವ ಯಾರನ್ನು ಕೇಳಿದರೂ ಹೇಳುತ್ತಾರೆ.

ದಾವಣಗೆರೆ ಸೈಕಲ್

ಏರುವುದರ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮೈಯರ್ ಅವರ ಅಭ್ಯಾಸದ ಬೆನ್ನೆಲುಬೇ ಸೈಕಲ್. ಹೈನಿ ಬೆರ್ಗ್‌ಮ್ಯುಲರ್ ಎಂಬ ತರಬೇತುದಾರರ ಕೈಕೆಳಗೆ ಒಬರ್‌ಟೌರ್ನ್‌ನಲ್ಲಿ ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಗಂಟೆಗಟ್ಟಲೆ ಕೂರುತ್ತಿದ್ದರು. ನಡುನಡುವೆ ಕಿವಿಯ ಹಾಲೆಯಿಂದ ಒಂದು ಹನಿ ರಕ್ತ ತೆಗೆದು ಲ್ಯಾಕ್ಟೇಟ್ (ಸ್ನಾಯು ಹೆಚ್ಚು ದುಡಿದಾಗ ರಕ್ತದಲ್ಲಿ ಏರುವ ವಸ್ತು) ಎಷ್ಟಿದೆ ಎಂದು ಅಳೆದು, ಅದರ ಪ್ರಕಾರ ಎಷ್ಟು ಜೋರಾಗಿ ತುಳಿಯಬೇಕೆಂದು ತೀರ್ಮಾನ. ಎರಡು ನಿಮಿಷದ ಸ್ಪರ್ಧೆಗೆ ಇಷ್ಟು ದೀರ್ಘ ತುಳಿತ ಏಕೆ ಎಂದರೆ, ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ ತೊಡೆ ಉರಿಯತೊಡಗಿದಾಗ ಉಳಿದವರು ನೆಟ್ಟಗಾಗುತ್ತಾರೆ, ಗಾಳಿ ತಡೆಯುತ್ತದೆ. ಇವರು ಕುಗ್ಗಿ ಕೂತೇ ಇರುತ್ತಿದ್ದರು. ಅವರ ಗೆಲುವುಗಳ ವಿಡಿಯೊದಲ್ಲಿ ಹಾದಿಯ ಕೆಳಭಾಗದ ಸಮಯವನ್ನು ಗಮನಿಸಿ ನೋಡಿ.

ಅಪಘಾತದ ನಂತರ ಅವರು ಮರಳಿದ್ದೂ ಆ ಸೈಕಲ್‌ಗೇ. ಹಾಗಾಗಿ ನಗಾನೊ, ಕಿಟ್ಸ್‌ಬ್ಯೂಲ್ ಎಂದು ಬೇರೆ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಎರಡರ ಹಿಂದೆಯೂ ಅದೇ ಬೆವರು.

ಎಬರ್‌ಹಾರ್ಟರ್ ಪಕ್ಷ

ಇಷ್ಟು ಹೊತ್ತಾಯಿತು, ಸ್ಟೆಫಾನ್ ಎಬರ್‌ಹಾರ್ಟರ್ ಹೆಸರನ್ನು ಒಬ್ಬರೂ ಎತ್ತಲಿಲ್ಲ! ನಗಾನೊದ ಜೈಂಟ್ ಸ್ಲಾಲಮ್‌ನಲ್ಲಿ ಬೆಳ್ಳಿ ಗೆದ್ದವರು ಅವರು, ಅವರೂ ಆಸ್ಟ್ರಿಯಾದವರೇ. 1991ರಲ್ಲೇ ಎರಡು ವಿಶ್ವ ಚಾಂಪಿಯನ್‌ಶಿಪ್ ಚಿನ್ನ ಗೆದ್ದು, ಆಮೇಲೆ ಗಾಯಗಳಿಂದ ವರ್ಷಗಟ್ಟಲೆ ಕಳೆದುಹೋಗಿ, ಮತ್ತೆ ಮೇಲೆದ್ದವರು. ಮೈಯರ್ ಇಲ್ಲದ 2002ರಲ್ಲಿ ಒಟ್ಟಾರೆ ಕಿರೀಟವೂ ಬಂತು, ಒಲಿಂಪಿಕ್ಸ್‌ನ ಜೈಂಟ್ ಸ್ಲಾಲಮ್ ಚಿನ್ನವೂ ಬಂತು. ಜನ ‘ಮೈಯರ್ ಇರಲಿಲ್ಲವಲ್ಲ’ ಎಂದರು. 2003ರಲ್ಲಿ ಮೈಯರ್ ಮರಳಿದ ಮೇಲೂ ಕಿರೀಟ ಇವರದೇ. ಸೇಂಟ್ ಮೊರಿಟ್ಜ್ ವಿಶ್ವ ಚಾಂಪಿಯನ್‌ಶಿಪ್‌ನ ಸೂಪರ್-ಜಿಯಲ್ಲಿ ಎಬರ್‌ಹಾರ್ಟರ್ ಚಿನ್ನ, ಮೈಯರ್ ಮತ್ತು ಅಮೆರಿಕದ ಬೋಡಿ ಮಿಲ್ಲರ್ ಸಮಸಮ ಬೆಳ್ಳಿ. ಆಗ ಆ ಮಾತು ಎಲ್ಲಿ ಹೋಯಿತು?

ಹಳೆಯ ಟಿ.ವಿ.

2004ರಲ್ಲಿ ಮೈಯರ್ ಕಿರೀಟ ವಾಪಸ್ ತೆಗೆದುಕೊಂಡರು. ಎರಡನೆಯವರು ಎಬರ್‌ಹಾರ್ಟರ್. ಅಲ್ಲಿ ಹೋಯಿತು.

ಹಿಮದಾರಿ

2004ರ ಆ ಕಿರೀಟವೇ ನನ್ನ ವಾದಕ್ಕೆ ಬಲ. ಕಿಟ್ಸ್‌ಬ್ಯೂಲ್ ಒಂದು ದಿನದ ಪವಾಡವಾಗಿದ್ದರೆ ಮರುವರ್ಷ ಇಡೀ ಚಳಿಗಾಲದಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. 2005ರಲ್ಲಿ ಬೋರ್ಮಿಯೊದಲ್ಲಿ ಜೈಂಟ್ ಸ್ಲಾಲಮ್‌ನ ವಿಶ್ವ ಚಿನ್ನವನ್ನೂ ಗೆದ್ದರು. ಕೊನೆಯ ವಿಶ್ವಕಪ್ ಗೆಲುವು 2008ರ ನವೆಂಬರ್‌ನಲ್ಲಿ, ಕೆನಡಾದ ಲೇಕ್ ಲೂಯಿಸ್‌ನ ಸೂಪರ್-ಜಿ. ವಯಸ್ಸು ಮೂವತ್ತೈದು ದಾಟಿತ್ತು. 2009ರ ಅಕ್ಟೋಬರ್‌ನಲ್ಲಿ ನಿವೃತ್ತಿ. ಅಂದರೆ ಕತ್ತರಿಸಬೇಕಾದೀತು ಎಂದಿದ್ದ ಆ ಕಾಲಿನಲ್ಲಿ ಮತ್ತೆ ಆರು ವರ್ಷ ಆಡಿದರು, ಗೆದ್ದರು. @ಅಂಕಿಪ್ರಿಯ, ಇದಕ್ಕೂ ನಿಮ್ಮ ಅಂಕಪಟ್ಟಿಯಲ್ಲಿ ಜಾಗವಿದೆ.

ಅಂಕಿಪ್ರಿಯ

ಇದೆ, ಒಪ್ಪುತ್ತೇನೆ. ಆದರೂ ನನ್ನ ಆಯ್ಕೆ 2000 ಅಂಕವೇ. ಆ ದಾಖಲೆ ಮುರಿಯಲು 2013ರಲ್ಲಿ ಸ್ಲೊವೇನಿಯಾದ ಟೀನಾ ಮಾಜೆ ಬರಬೇಕಾಯಿತು, 2414 ಅಂಕದೊಂದಿಗೆ. ಅವರು ಸ್ಲಾಲಮ್ ಸೇರಿ ಎಲ್ಲವನ್ನೂ ಆಡಿದರು ಎಂಬುದನ್ನು ಮತ್ತೊಮ್ಮೆ ನೆನಪಿಸುತ್ತೇನೆ.

ಎಬರ್‌ಹಾರ್ಟರ್ ಪಕ್ಷ

ನೀವೆಲ್ಲ 2004 ಎಂದರೆ ಮೈಯರ್ ಕಿರೀಟ ಎನ್ನುತ್ತೀರಿ. ಅದೇ 2004ರ ಜನವರಿಯಲ್ಲಿ ಶ್ಟ್ರೈಫ್‌ನ ಡೌನ್‌ಹಿಲ್‌ನಲ್ಲಿ ಎಬರ್‌ಹಾರ್ಟರ್ ಗೆದ್ದ ಅಂತರ 1.21 ಸೆಕೆಂಡ್. ನೂರನೇ ಭಾಗಗಳಲ್ಲಿ ಸೋಲು ಗೆಲುವು ನಿರ್ಧಾರವಾಗುವ ಹಾದಿಯಲ್ಲಿ ಒಂದು ಸೆಕೆಂಡಿಗೂ ಹೆಚ್ಚು! ಆ ಓಟವನ್ನು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ನೋಡಿ ಬನ್ನಿ, ಆಮೇಲೆ ವಾದ ಮುಂದುವರಿಸೋಣ.